ಪ್ರಯಾಣ ಸೌಲಭ್ಯದ ಕ್ರೆಡಿಟ್ ಕಾರ್ಡ್: ಆಯ್ಕೆಗೆ ಮುನ್ನ

(ಹೊರನಾಡ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಾನು ಅರ್ಥಶಾಸ್ತ್ರಜ್ಞನಲ್ಲ, ಬ್ಯಾಂಕಿನ ಅಧಿಕಾರಿಯೂ ಅಲ್ಲ. ಕನ್ನಡ ಸಾಹಿತ್ಯವನ್ನು ಓದಿ, ಕೇಂದ್ರ ಸಚಿವಾಲಯವೊಂದರಲ್ಲಿ ಭಾಷಾಂತರಕಾರನಾಗಿ ಸೇವೆ ಸಲ್ಲಿಸುತ್ತಿರುವವನು. ಅಧಿಸೂಚನೆಗಳು, ನಿಯಮಾವಳಿಗಳು, ಗ್ರಾಹಕರಿಗಾಗಿ ಹೊರಡಿಸುವ ಕರಪತ್ರಗಳು, ಇವನ್ನು ಕನ್ನಡಕ್ಕೆ ತರುವುದು ನನ್ನ ನಿತ್ಯದ ಕಾಯಕ. ಇಂಥವನನ್ನು ಕ್ರೆಡಿಟ್ ಕಾರ್ಡ್ ಕುರಿತು ಮಾತನಾಡಲು ಕರೆದಿರುವುದಕ್ಕೆ ಸಂಘದ ಕಾರ್ಯದರ್ಶಿಗಳು ಒಂದು ಕಾರಣವನ್ನು ಕೊಟ್ಟಿದ್ದಾರೆ. “ಬ್ಯಾಂಕಿನವರನ್ನು ಕರೆದರೆ ಅವರು ಕಾರ್ಡನ್ನು ಮಾರುತ್ತಾರೆ, ನೀವಾದರೆ ಅದರ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ಹೇಳುತ್ತೀರಿ” ಎಂದರು. ಆ ಸಣ್ಣ ಅಕ್ಷರಗಳನ್ನು ಒಮ್ಮೆ ಓದದೆ ಕೈ ಸುಟ್ಟುಕೊಂಡವರ ಪೈಕಿ ನಾನೂ ಒಬ್ಬನೆಂಬುದು ಅವರಿಗೆ ತಿಳಿದಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಹೊರನಾಡಿನಲ್ಲಿ ನೆಲೆಸಿರುವ ನಮಗೆ ಪ್ರಯಾಣವೆಂಬುದು ವಿಹಾರವಲ್ಲ, ಅನಿವಾರ್ಯ. ಊರಿನ ಜಾತ್ರೆ, ತಂಗಿಯ ಮಗಳ ಮದುವೆ, ವಯಸ್ಸಾದ ತಾಯಿತಂದೆಯರ ಆರೋಗ್ಯ, ಹಂಚಿಕೆಯಾಗದೆ ಉಳಿದಿರುವ ಹೊಲದ ಕಾಗದಪತ್ರಗಳು, ಹೀಗೆ ವರ್ಷಕ್ಕೆ ಎರಡು ಮೂರು ಬಾರಿಯಾದರೂ ಹೋಗಿಬರಲೇಬೇಕು. ದೆಹಲಿಯವರು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತರೆ ಎರಡು ರಾತ್ರಿಗಳನ್ನು ಹಳಿಗಳ ಮೇಲೆ ಕಳೆಯಬೇಕು. ಮುಂಬಯಿಯಲ್ಲಿರುವ ಕರಾವಳಿಯವರಿಗೆ ಮತ್ಸ್ಯಗಂಧ, ಬೆಂಗಳೂರಿನ ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್. ಚೆನ್ನೈಯವರು ಭಾಗ್ಯವಂತರು; ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೈಸೂರು. ಇಂತಹ ಪ್ರಯಾಣಗಳಿಗೆ ಖರ್ಚಾಗುವ ಹಣದಲ್ಲಿ ಸ್ವಲ್ಪವಾದರೂ ಮರಳಿ ದೊರೆಯುವುದಾದರೆ ಯಾರಿಗೆ ಬೇಡ? ಈ ಆಸೆಯನ್ನು ಅರಿತೇ ವಿಮಾನ ನಿಲ್ದಾಣಗಳಲ್ಲಿ, ದೊಡ್ಡ ಮಳಿಗೆಗಳ ಬಾಗಿಲಲ್ಲಿ, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ತರುಣರು ನಮ್ಮನ್ನು ತಡೆದು ನಿಲ್ಲಿಸುತ್ತಾರೆ. “ಸರ್, ಉಚಿತ ವಿಮಾನ ಟಿಕೆಟ್” ಎನ್ನುತ್ತಾರೆ.

ಉಚಿತ ಎಂಬ ಮಾತನ್ನು ಮೊದಲು ಪರಿಶೀಲಿಸೋಣ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1950ರಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಆರಂಭವಾದಾಗ ಅದರ ಉದ್ದೇಶ ಸರಳವಾಗಿತ್ತು. ಹೋಟೆಲಿನಲ್ಲಿ ಉಂಡು, ಹಣವನ್ನು ತಿಂಗಳ ಕೊನೆಗೆ ಕೊಡುವುದು. ನಮ್ಮಲ್ಲಿ ಊಟದ ಮನೆಯ ಖಾತೆ ಪುಸ್ತಕವಿತ್ತಲ್ಲ, ಅದರ ದೊಡ್ಡ ರೂಪ. ಸತತವಾಗಿ ಪ್ರಯಾಣಿಸುವವರಿಗೆ ಮೈಲಿಗಳ ಲೆಕ್ಕದಲ್ಲಿ ಕೊಡುಗೆ ನೀಡುವ ಪದ್ಧತಿಯನ್ನು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ 1981ರಲ್ಲಿ ವ್ಯಾಪಕವಾಗಿ ಬಳಕೆಗೆ ತಂದಿತು. ಇವೆರಡೂ ಕೂಡಿಕೊಂಡಾಗ ಹುಟ್ಟಿದ್ದು ಇಂದಿನ ಪ್ರಯಾಣ ಸೌಲಭ್ಯದ ಕಾರ್ಡ್. ಭಾರತದಲ್ಲಿ 1980ರ ದಶಕದ ಆರಂಭದಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಕಾರ್ಡ್ ನೀಡತೊಡಗಿದವು. 2024ರ ಆರಂಭದ ಹೊತ್ತಿಗೆ ದೇಶದಲ್ಲಿನ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 10 ಕೋಟಿಯನ್ನು ದಾಟಿತು.

ಹಾಗಾದರೆ ಕೊಡುಗೆಯ ಹಣ ಎಲ್ಲಿಂದ ಬರುತ್ತದೆ? ತಾವು ಕಾರ್ಡನ್ನು ಉಜ್ಜಿದಾಗ ಅಂಗಡಿಯವನು ಬಂದ ಹಣದಲ್ಲಿ ಒಂದು ಪಾಲನ್ನು, ಸಾಮಾನ್ಯವಾಗಿ ಶೇಕಡ 2ರ ಆಸುಪಾಸಿನಷ್ಟನ್ನು, ಬ್ಯಾಂಕುಗಳಿಗೂ ಕಾರ್ಡ್ ಜಾಲಕ್ಕೂ ಬಿಟ್ಟುಕೊಡುತ್ತಾನೆ. ಅದರೊಳಗಿನಿಂದ ಬ್ಯಾಂಕು ನಮಗೆ ಒಂದಿಷ್ಟನ್ನು ಮರಳಿಸುತ್ತದೆ. ಎರಡನೆಯ ಮೂಲ ವಾರ್ಷಿಕ ಶುಲ್ಕ. ಮೂರನೆಯದು, ಎಲ್ಲಕ್ಕಿಂತ ಫಲವತ್ತಾದ ಹೊಲ, ಸಕಾಲದಲ್ಲಿ ಪೂರ್ಣ ಬಾಕಿಯನ್ನು ತೀರಿಸಲಾಗದವರು ತೆರುವ ಬಡ್ಡಿ. ಒಬ್ಬನ ಉಚಿತ ಟಿಕೆಟ್ಟಿನ ಹಿಂದೆ ಮತ್ತೊಬ್ಬನ ಬಡ್ಡಿಯಿರುತ್ತದೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ನಾವು ಆ ಇಬ್ಬರಲ್ಲಿ ಯಾರು ಎಂಬುದೇ ಕಾರ್ಡಿನ ಆಯ್ಕೆಯಲ್ಲಿ ಮೊದಲನೆಯ ಪ್ರಶ್ನೆ. ತಿಂಗಳ ಬಿಲ್ಲನ್ನು ಪೂರ್ಣವಾಗಿ ತೀರಿಸುವ ಶಕ್ತಿಯಾಗಲಿ ಅಭ್ಯಾಸವಾಗಲಿ ಇಲ್ಲದವರಿಗೆ ಯಾವ ಪ್ರಯಾಣ ಕಾರ್ಡೂ ಲಾಭದಾಯಕವಲ್ಲ. ಈ ಮಾತನ್ನು ಉಪನ್ಯಾಸದ ಕೊನೆಗೆ ಹೇಳುವುದು ವಾಡಿಕೆ, ನಾನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಅಂಥವರು ಮುಂದಿನದನ್ನು ಕೇಳುವ ಅಗತ್ಯವಿಲ್ಲ, ಚಹಾ ಸಿದ್ಧವಾಗಿದೆ.

ಈಗ ನನ್ನ ಅನುಭವ. ಕೆಲವು ವರ್ಷಗಳ ಹಿಂದೆ ವಿಮಾನಯಾನ ಸಂಸ್ಥೆಯೊಂದರ ಹೆಸರನ್ನು ಹೊತ್ತ ಕಾರ್ಡನ್ನು ನಾನು ಪಡೆದಿದ್ದೆ. ದಿನಸಿಯಿಂದ ಹಿಡಿದು ಮಗಳ ಶಾಲೆಯ ಶುಲ್ಕದವರೆಗೆ ಎಲ್ಲವನ್ನೂ ಅದರಲ್ಲಿಯೇ ಪಾವತಿಸಿ, ಮೂರು ವರ್ಷಗಳಲ್ಲಿ ಹದಿನಾಲ್ಕು ಸಾವಿರ ಅಂಕಗಳನ್ನು ಕೂಡಿಸಿದ್ದೆ. “ಊರಿಗೆ ಆಪತ್ತಿನಲ್ಲಿ ಹೋಗಬೇಕಾದರೆ ಇದಿದೆ” ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದೆವು. ಜೂನ್ ತಿಂಗಳ ಒಂದು ರಾತ್ರಿ ಧಾರವಾಡದಿಂದ ಅಣ್ಣನ ಕರೆ ಬಂದಿತು. “ಅಪ್ಪಾರಿಗೆ ಆರಾಮ ಇಲ್ಲ, ದವಾಖಾನಿಗೆ ಹಾಕೇವಿ, ನೀ ಲಗೂನ ಬಾ” ಎಂದ. ಆ ರಾತ್ರಿಯೇ ಕುಳಿತು ಅಂಕಗಳಿಂದ ಟಿಕೆಟ್ ಪಡೆಯಲು ಹೊರಟರೆ, ಅಂಕಗಳ ಮೇಲೆ ನೀಡುವ ಆಸನಗಳು ಮರುದಿನಕ್ಕೆ ಮಾತ್ರವಲ್ಲ, ಆ ವಾರಕ್ಕೇ ಇರಲಿಲ್ಲ. ಮೇಲಾಗಿ ನನ್ನ ಹದಿನಾಲ್ಕು ಸಾವಿರದಲ್ಲಿ ಮೊದಲ ವರ್ಷದ ಅಂಕಗಳು ಹಿಂದಿನ ತಿಂಗಳೇ ಅವಧಿ ಮೀರಿ ಅಳಿದುಹೋಗಿದ್ದವು. ಆ ಕುರಿತು ಮಿಂಚಂಚೆ ಬಂದಿತ್ತಂತೆ. ದಿನಕ್ಕೆ ಹತ್ತು ಜಾಹೀರಾತುಗಳ ನಡುವೆ ಬಂದದ್ದನ್ನು ಯಾರು ಓದುತ್ತಾರೆ?

ಕೊನೆಗೆ ಪೂರ್ಣ ದರವನ್ನು ಕೊಟ್ಟು ಮೂವರೂ ಬೆಂಗಳೂರಿಗೆ ಹಾರಿ, ಅಲ್ಲಿಂದ ರಾತ್ರಿಯ ಬಸ್ಸಿನಲ್ಲಿ ಧಾರವಾಡ ಸೇರಿದೆವು. ತಂದೆಯವರು ಉಳಿದರು, ಅದು ದೊಡ್ಡ ಮಾತು. ಪ್ರಯಾಣಕ್ಕೆ ಕಾರ್ಡಿನ ಮೇಲೆ ಆದ ವೆಚ್ಚ ಸುಮಾರು 40,000 ರೂಪಾಯಿ. ಕೈಯಲ್ಲಿದ್ದ ಹಣವೆಲ್ಲ ಆಸ್ಪತ್ರೆಗೆ ಹೋಗಿದ್ದರಿಂದ, ಬಿಲ್ಲು ಬಂದಾಗ ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಕಾಣುತ್ತಿದ್ದ ‘ಪಾವತಿಸಬೇಕಾದ ಕನಿಷ್ಠ ಮೊತ್ತ’ವಾದ 2,000 ರೂಪಾಯಿಯನ್ನು ಕಟ್ಟಿ ನೆಮ್ಮದಿಯಿಂದಿದ್ದೆ. ವಿಡಂಬನೆಯೆಂದರೆ, ಇಂಥ ಪದಗುಚ್ಛಗಳನ್ನು ಕನ್ನಡಕ್ಕೆ ತರುವುದೇ ನನ್ನ ಉದ್ಯೋಗ. ಕನಿಷ್ಠ ಮೊತ್ತ ಎಂದರೆ ಅಷ್ಟು ಕೊಟ್ಟರೆ ಸಾಕು ಎಂಬ ಅರ್ಥವೇ ಕಿವಿಗೆ ಕೇಳಿಸುತ್ತದೆ. ವಾಸ್ತವವಾಗಿ ಅದು, ತಮ್ಮನ್ನು ಸುಸ್ತಿದಾರನೆಂದು ಬರೆದುಕೊಳ್ಳದಿರಲು ಕೊಡಬೇಕಾದ ಹಣ ಮಾತ್ರ. ಬಡ್ಡಿಯಿಂದ ಅದು ಬಿಡಿಸುವುದಿಲ್ಲ. “ನಿಮ್ಮ ಅನುವಾದವನ್ನು ನೀವೇ ನಂಬಿಬಿಟ್ಟಿರಿ” ಎಂದು ನನ್ನ ಪತ್ನಿ ಇಂದಿಗೂ ಹೇಳುತ್ತಿರುತ್ತಾರೆ.

ಬಡ್ಡಿಯ ಲೆಕ್ಕವನ್ನು ತಾವು ಕಾಗದದ ಮೇಲೆ ಮಾಡಿ ನೋಡಬೇಕೆಂದು ನನ್ನ ಕೋರಿಕೆ. ತಿಂಗಳಿಗೆ ಶೇಕಡ 3.5, ಅಂದರೆ ವರ್ಷಕ್ಕೆ ಶೇಕಡ 42 ಎನ್ನೋಣ. ನಮ್ಮ ದೇಶದ ಕಾರ್ಡುಗಳಲ್ಲಿ ಇದೇನೂ ಅಪರೂಪದ ದರವಲ್ಲ. ಜೂನ್ 5ರಂದು 40,000 ರೂಪಾಯಿಯ ಟಿಕೆಟ್ ಕೊಂಡಿರಿ. ಜೂನ್ 20ಕ್ಕೆ ಬಿಲ್ಲು, ಜುಲೈ 10 ಕೊನೆಯ ದಿನ. ಅಂದು 2,000 ಮಾತ್ರ ಕಟ್ಟಿದಿರಿ. ಬಡ್ಡಿ ಜುಲೈ 10ರಿಂದ ಆರಂಭವಾಗುತ್ತದೆಂದು ತಾವು ಭಾವಿಸಬಹುದು. ಹಾಗಲ್ಲ. ಪೂರ್ಣ ಬಾಕಿ ತೀರದಿದ್ದಲ್ಲಿ ಬಡ್ಡಿರಹಿತ ಅವಧಿಯೇ ರದ್ದಾಗಿ, ಟಿಕೆಟ್ ಕೊಂಡ ದಿನದಿಂದಲೇ ಬಡ್ಡಿ ಲೆಕ್ಕಕ್ಕೆ ಬರುತ್ತದೆ. ಜೂನ್ 5ರಿಂದ ಜುಲೈ 10ರವರೆಗೆ 35 ದಿನಗಳು 40,000ದ ಮೇಲೆ, ಸುಮಾರು 1,611 ರೂಪಾಯಿ. ಅನಂತರ ಜುಲೈ 20ರ ಬಿಲ್ಲಿನವರೆಗೆ 10 ದಿನಗಳು 38,000ದ ಮೇಲೆ, ಸುಮಾರು 437. ಒಟ್ಟು 2,048. ಇದರ ಮೇಲೆ ಶೇಕಡ 18 ಸರಕು ಮತ್ತು ಸೇವಾ ತೆರಿಗೆ 369. ಅಂದರೆ 2,000 ಕಟ್ಟಿದ ಮೇಲೂ ಬಾಕಿ 40,417 ರೂಪಾಯಿ! ಈ ನಡುವೆ ಕೊಂಡ ಹಾಲು, ತರಕಾರಿ, ಔಷಧಿಗಳಿಗೂ ಬಡ್ಡಿರಹಿತ ಅವಧಿ ದೊರೆಯುವುದಿಲ್ಲ. ಇನ್ನು ಆ ಟಿಕೆಟ್ಟಿಗೆ ಬಂದ ಕೊಡುಗೆ? ನೂರು ರೂಪಾಯಿಗೆ 2 ಅಂಕಗಳಂತೆ 800 ಅಂಕಗಳು. ಅಂಕವೊಂದಕ್ಕೆ 25 ಪೈಸೆಯಂತೆ 200 ರೂಪಾಯಿ.

ವರ್ಷಕ್ಕೆ ಶೇಕಡ 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪು ನೀಡಿದ್ದುದನ್ನು ಕೆಲವರು ನೆನಪಿಟ್ಟುಕೊಂಡಿರಬಹುದು. ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 20ರಂದು ಆ ತೀರ್ಪನ್ನು ರದ್ದುಪಡಿಸಿತು. ಆದ್ದರಿಂದ ಆ ಹಳೆಯ ಭರವಸೆಯನ್ನು ನೆಚ್ಚಿಕೊಂಡು ಯಾರೂ ಬಾಕಿ ಉಳಿಸಿಕೊಳ್ಳಬಾರದು.

ಇಷ್ಟಾಗಿಯೂ, ಪ್ರತಿ ತಿಂಗಳು ಪೂರ್ಣ ಬಾಕಿಯನ್ನು ತೀರಿಸುವ ಶಿಸ್ತಿನ ಸಂಸಾರಗಳಿಗೆ ಕಾರ್ಡ್ ನಿಜವಾಗಿಯೂ ಉಪಯುಕ್ತ. ಅಂಥವರ ಆಯ್ಕೆಯ ವಿಚಾರಕ್ಕೆ ಈಗ ಬರೋಣ.

ಮಾರುಕಟ್ಟೆಯಲ್ಲಿರುವ ಕಾರ್ಡುಗಳು ಸ್ಥೂಲವಾಗಿ ಎರಡು ಬಗೆ. ಒಂದು, ನಿರ್ದಿಷ್ಟ ವಿಮಾನಯಾನ ಸಂಸ್ಥೆ, ಹೋಟೆಲ್ ಸಮೂಹ ಅಥವಾ ರೈಲ್ವೆಯೊಡನೆ ಕೈಜೋಡಿಸಿ ಹೊರಡಿಸುವ ಕಾರ್ಡ್. ಮತ್ತೊಂದು, ಬ್ಯಾಂಕು ತನ್ನದೇ ಅಂಕಗಳನ್ನು ಕೊಟ್ಟು, ಅವನ್ನು ತನ್ನ ಜಾಲತಾಣದಲ್ಲಿ ಟಿಕೆಟ್ಟಿಗಾಗಿ ಬಳಸಲು ಅಥವಾ ಹಲವು ಸಂಸ್ಥೆಗಳ ಖಾತೆಗಳಿಗೆ ವರ್ಗಾಯಿಸಲು ಅವಕಾಶ ನೀಡುವ ಕಾರ್ಡ್. ಮೊದಲನೆಯದು ಒಂದೇ ದಾರಿಯಲ್ಲಿ ಸತತವಾಗಿ ಓಡಾಡುವವರಿಗೆ ಹಿತ. ಆದರೆ ಆ ದಾರಿಯೇ ಮುಚ್ಚಿಹೋದರೆ? ಇದು ಕಲ್ಪನೆಯ ಮಾತಲ್ಲ. ಬೆಂಗಳೂರಿನ ಉದ್ಯಮ ಸಮೂಹವೊಂದಕ್ಕೆ ಸೇರಿದ್ದ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದವು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ವಿಸ್ತಾರ ಸಂಸ್ಥೆ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಗಿ, ಅದರ ಸದಸ್ಯರ ಅಂಕಗಳು ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿಗೆ ಹೋದವು. ವಿಲೀನದಲ್ಲಿ ಅಂಕಗಳಿಗೆ ಆಶ್ರಯ ದೊರೆಯಿತೆಂಬುದು ಸಮಾಧಾನ. ಆದರೆ ಆ ಸಂಸ್ಥೆಯ ಹೆಸರನ್ನು ನಂಬಿ ಕಾರ್ಡ್ ಪಡೆದಿದ್ದವರು ತಮ್ಮ ಲೆಕ್ಕಾಚಾರವನ್ನು ಹೊಸದಾಗಿ ಮಾಡಬೇಕಾಯಿತು. ಕೊಡುಗೆಯ ಅಂಕಗಳು ಬ್ಯಾಂಕಿನಲ್ಲಿಟ್ಟ ಠೇವಣಿಯಲ್ಲ. ಬಡ್ಡಿ ಬೆಳೆಯುವುದಿಲ್ಲ, ಬೆಲೆ ಮಾತ್ರ ಇಳಿಯುತ್ತದೆ. ಐದು ವರ್ಷ ಕೂಡಿಟ್ಟು ಒಮ್ಮೆಗೇ ಕಾಶ್ಮೀರಕ್ಕೆ ಹೋಗುವೆನೆಂಬ ಯೋಜನೆಗಿಂತ, ವರ್ಷದೊಳಗೆ ಊರಿಗೆ ಹೋಗಿಬರಲು ಬಳಸುವುದೇ ಲೇಸು.

ದಾರಿಯ ದೂರವೂ ಮುಖ್ಯ. ಚೆನ್ನೈ, ಹೈದರಾಬಾದ್, ಪುಣೆಗಳಲ್ಲಿರುವ ನಮ್ಮವರು ಹೆಚ್ಚಾಗಿ ರೈಲು, ಬಸ್ಸುಗಳಲ್ಲಿ ಊರಿಗೆ ಹೋಗುವವರು. ಇವರು ವಿಮಾನದ ಮೈಲಿ ಕೊಡುವ ದುಬಾರಿ ಕಾರ್ಡನ್ನು ಕೊಳ್ಳುವುದು, ಮಳೆಯಿಲ್ಲದ ಊರಿನಲ್ಲಿ ಕೊಡೆ ಅಂಗಡಿ ತೆರೆದಂತೆ. ಭಾರತೀಯ ಸ್ಟೇಟ್ ಬ್ಯಾಂಕಿನ ಕಾರ್ಡ್ ಸಂಸ್ಥೆ, ಬ್ಯಾಂಕ್ ಆಫ್ ಬರೋಡಾದ ಕಾರ್ಡ್ ಸಂಸ್ಥೆ ಮೊದಲಾದವು ರೈಲ್ವೆಯ ಐಆರ್‌ಸಿಟಿಸಿಯೊಡನೆ ಸೇರಿ ಹೊರತಂದ ಕಾರ್ಡುಗಳನ್ನು ಇಂಥವರು ಮೊದಲು ವಿಚಾರಿಸಬಹುದು. ವಿಚಾರಿಸುವಾಗ ಒಂದು ಅಂಶವನ್ನು ಗಮನಿಸಬೇಕು: ಕೊಡುಗೆ ಹವಾನಿಯಂತ್ರಿತ ದರ್ಜೆಗಳಿಗೆ ಮಾತ್ರವೋ, ಸ್ಲೀಪರ್ ದರ್ಜೆಗೂ ಉಂಟೋ? ಸ್ಲೀಪರಿನಲ್ಲಿಯೇ ಪ್ರಯಾಣಿಸುವ ಸಂಸಾರಕ್ಕೆ ಮೊದಲನೆಯ ಬಗೆಯ ಕೊಡುಗೆ ಕಾಗದದ ಹೂವು.

ರೈಲು ಟಿಕೆಟ್ಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಐಆರ್‌ಸಿಟಿಸಿ ತಾಣದಲ್ಲಿ ಕ್ರೆಡಿಟ್ ಕಾರ್ಡಿನಿಂದ ಪಾವತಿ ಮಾಡಿದಾಗ, ಟಿಕೆಟ್ಟಿನ ಸೇವಾ ಶುಲ್ಕವಲ್ಲದೆ, ಪಾವತಿ ವ್ಯವಸ್ಥೆಯವರು ಸಾಮಾನ್ಯವಾಗಿ ಶೇಕಡ ಒಂದರಷ್ಟನ್ನು ತೆರಿಗೆಸಹಿತ ವಸೂಲು ಮಾಡುತ್ತಾರೆ. ಯುಪಿಐ ಮೂಲಕ ಕೊಟ್ಟರೆ ಸೇವಾ ಶುಲ್ಕವೂ ಕಡಿಮೆ. ನಾಲ್ವರ ಕುಟುಂಬ 8,000 ರೂಪಾಯಿಯ ಟಿಕೆಟ್ ಕೊಂಡು, ಶೇಕಡ ಒಂದರ ಕೊಡುಗೆಯಲ್ಲಿ 80 ರೂಪಾಯಿ ಗಳಿಸಿ, ಅದೇ ಕಾರ್ಡನ್ನು ಬಳಸಿದ್ದಕ್ಕಾಗಿ 80ಕ್ಕೂ ಹೆಚ್ಚು ಕೊಟ್ಟುಬರುವ ಪ್ರಸಂಗಗಳುಂಟು. ರೈಲ್ವೆಯ ಸಹಯೋಗದ ಕಾರ್ಡುಗಳಲ್ಲಿ ಈ ಶೇಕಡ ಒಂದರ ಶುಲ್ಕದಿಂದ ವಿನಾಯಿತಿ ಇದೆಯೇ ಎಂದು ಕೇಳಿ ತಿಳಿಯುವುದು ಅಂಕಗಳ ದರವನ್ನು ಕೇಳುವಷ್ಟೇ ಅವಶ್ಯ.

ಅಂಕದ ಬೆಲೆಯನ್ನು ಕಂಡುಹಿಡಿಯುವ ಬಗೆ ಹೇಗೆ? ಜಾಹೀರಾತುಗಳಲ್ಲಿ ‘ಹತ್ತು ಪಟ್ಟು ಅಂಕಗಳು’ ಎಂದು ಬರೆದಿರುತ್ತದೆ. ಯಾವುದರ ಹತ್ತು ಪಟ್ಟು ಎಂಬುದೇ ಪ್ರಶ್ನೆ. ಒಂದು ಪೈಸೆಯ ಹತ್ತು ಪಟ್ಟು ಹತ್ತೇ ಪೈಸೆ. ನಾನು ಅನುಸರಿಸುವ ವಿಧಾನ ಹೀಗಿದೆ. ತಾವು ನಿಜವಾಗಿ ಹೋಗಲಿರುವ ದಾರಿಯ, ನಿಜವಾಗಿ ಹೋಗಲಿರುವ ದಿನದ ಟಿಕೆಟ್ಟನ್ನು ಹುಡುಕಿ. ಹಣ ಕೊಟ್ಟರೆ 6,000 ರೂಪಾಯಿ. ಅಂಕಗಳಾದರೆ 12,000 ಅಂಕಗಳು ಮತ್ತು ತೆರಿಗೆ, ಶುಲ್ಕಗಳ ರೂಪದಲ್ಲಿ 1,200 ರೂಪಾಯಿ ಎಂದಿಟ್ಟುಕೊಳ್ಳಿ. ಅಂಕಗಳು ಉಳಿಸಿದ ಹಣ 4,800. ಅದನ್ನು 12,000ದಿಂದ ಭಾಗಿಸಿದರೆ ಅಂಕವೊಂದಕ್ಕೆ 40 ಪೈಸೆ. ಅದೇ ಅಂಕಗಳಿಂದ ಬ್ಯಾಂಕಿನ ಪಟ್ಟಿಯಲ್ಲಿನ ಮಿಕ್ಸರನ್ನೋ ಕೈಚೀಲವನ್ನೋ ಪಡೆದರೆ 20 ಪೈಸೆಯೂ ಬಾರದಿರಬಹುದು. ಹಾಗಾಗಿ ನೂರು ರೂಪಾಯಿ ಖರ್ಚಿಗೆ ಎಷ್ಟು ಅಂಕ ಎಂದು ಕೇಳದೆ, ನೂರು ರೂಪಾಯಿ ಖರ್ಚಿಗೆ ಎಷ್ಟು ಪೈಸೆ ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು. ವರ್ಗಾವಣೆಯ ಕಾರ್ಡುಗಳಲ್ಲಿ ಬ್ಯಾಂಕಿನ ಎಷ್ಟು ಅಂಕಗಳಿಗೆ ವಿಮಾನಯಾನ ಸಂಸ್ಥೆಯ ಒಂದು ಮೈಲಿ ಎಂಬ ಅನುಪಾತವಿರುತ್ತದೆ. ಒಂದಕ್ಕೆ ಒಂದಿದ್ದದ್ದು ಎರಡಕ್ಕೆ ಒಂದಾದರೆ ತಮ್ಮ ಉಳಿತಾಯ ಒಂದೇ ರಾತ್ರಿಯಲ್ಲಿ ಅರ್ಧವಾದಂತೆ. ಹಾಗೆ ಬದಲಾಯಿಸುವ ಅಧಿಕಾರವನ್ನು ಬ್ಯಾಂಕುಗಳು ಷರತ್ತುಗಳಲ್ಲಿ ತಮ್ಮ ಬಳಿಯೇ ಇಟ್ಟುಕೊಂಡಿರುತ್ತವೆ.

ಎಲ್ಲ ಖರ್ಚಿಗೂ ಅಂಕ ಬರುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಪೆಟ್ರೋಲು, ಮನೆ ಬಾಡಿಗೆ, ವಿದ್ಯುತ್ ಮತ್ತು ನೀರಿನ ಬಿಲ್ಲು, ವಿಮೆಯ ಕಂತು, ಸರ್ಕಾರಕ್ಕೆ ಸಲ್ಲಿಸುವ ಶುಲ್ಕ, ತೆರಿಗೆ, ಇವುಗಳಲ್ಲಿ ಹಲವನ್ನು ಕಾರ್ಡುಗಳು ಪೂರ್ತಿ ಹೊರಗಿಟ್ಟಿರುತ್ತವೆ ಅಥವಾ ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕಿರುತ್ತವೆ. ಬಾಡಿಗೆ ಮನೆಯಲ್ಲಿರುವ ಮಧ್ಯಮ ವರ್ಗದ ಸಂಸಾರದ ತಿಂಗಳ ಖರ್ಚಿನಲ್ಲಿ ಇವನ್ನೆಲ್ಲ ಕಳೆದರೆ ಉಳಿಯುವುದೆಷ್ಟು? ಆ ಉಳಿದ ಮೊತ್ತವೇ ತಮ್ಮ ನಿಜವಾದ ಬಂಡವಾಳ. ಹಿಂದಿನ ಮೂರು ತಿಂಗಳ ಖರ್ಚಿನ ಚೀಟಿಗಳನ್ನು ಮುಂದಿಟ್ಟುಕೊಂಡು ಕುಳಿತರೆ ಅರ್ಧ ಗಂಟೆಯ ಕೆಲಸ. ಈ ಕೆಲಸವನ್ನು ಮನೆಯ ಗೃಹಿಣಿಯರಿಗೆ ವಹಿಸಿದರೆ ಲೆಕ್ಕ ಹೆಚ್ಚು ನಿಖರವಾಗಿರುತ್ತದೆಂಬುದು ನನ್ನ ಅನುಭವ.

ಆ ಮೊತ್ತ ಗೊತ್ತಾದ ಮೇಲೆ ವಾರ್ಷಿಕ ಶುಲ್ಕದೊಡನೆ ತಾಳೆ ನೋಡಬೇಕು. ಶುಲ್ಕ 3,000 ಎಂದರೆ ತೆರಿಗೆ ಸೇರಿ 3,540. ಕಾರ್ಡು ಶೇಕಡ 1.5ರಷ್ಟು ಕೊಡುವುದಾದರೆ, ಶುಲ್ಕ ಹಿಂತಿರುಗಿ ಬರಲೆಂದೇ ವರ್ಷಕ್ಕೆ 2,36,000 ರೂಪಾಯಿ ಖರ್ಚು ಮಾಡಬೇಕು. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಶುಲ್ಕವೇ ಇಲ್ಲದ ಸಾಧಾರಣ ಕಾರ್ಡೊಂದು ಶೇಕಡ ಒಂದನ್ನು ಕೊಡುತ್ತಿದ್ದರೆ, ದುಬಾರಿ ಕಾರ್ಡಿನ ಹೆಚ್ಚುಗಾರಿಕೆ ಕೇವಲ ಶೇಕಡ ಅರ್ಧ. ಆಗ ಆ 3,540ನ್ನು ಗಳಿಸಲು ವರ್ಷಕ್ಕೆ 7,08,000 ಖರ್ಚು ಮಾಡಬೇಕಾಗುತ್ತದೆ. ಈ ಎರಡನೆಯ ಲೆಕ್ಕವನ್ನು ಮಾರಾಟದ ತರುಣರು ಎಂದೂ ಹೇಳುವುದಿಲ್ಲ. ಬಹುಶಃ ಅವರಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ. ‘ಇಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ’ ಎಂಬ ಷರತ್ತು ಇದ್ದಲ್ಲಿ, ಆ ಮಿತಿಯನ್ನು ಮುಟ್ಟಲೆಂದೇ ವರ್ಷದ ಕೊನೆಯಲ್ಲಿ ಬೇಡದ ವಸ್ತುಗಳನ್ನು ಕೊಂಡವರನ್ನು ನಾನು ಬಲ್ಲೆ. ನನ್ನ ನೆರೆಯವರೊಬ್ಬರ ಮನೆಯಲ್ಲಿ ಇಂದಿಗೂ ಬಿಚ್ಚದ ಪೆಟ್ಟಿಗೆಯಲ್ಲಿ ಗಾಳಿ ಶುದ್ಧೀಕರಣ ಯಂತ್ರವಿದೆ.

ವಿಮಾನ ನಿಲ್ದಾಣದ ವಿಶ್ರಾಂತಿ ಗೃಹದ ಆಕರ್ಷಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೆ ಕಾರ್ಡ್ ತೋರಿಸಿದರೆ ಪ್ರವೇಶ ದೊರೆಯುತ್ತಿದ್ದ ಎಷ್ಟೋ ಕಡೆ, ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಸಾವಿರ ಖರ್ಚು ಮಾಡಿರಬೇಕೆಂಬ ಷರತ್ತು ಈಚಿನ ವರ್ಷಗಳಲ್ಲಿ ಬಂದಿದೆ. ವರ್ಷಕ್ಕೆ ಎರಡು ಬಾರಿ ಹಾರುವವರು ಒಂದು ತಟ್ಟೆ ಇಡ್ಲಿ, ಒಂದು ಲೋಟ ಕಾಫಿಗಾಗಿ ಕಾರ್ಡನ್ನು ಆರಿಸಬೇಕಾಗಿಲ್ಲ. ಪ್ರಯಾಣದ ಅಪಘಾತ ವಿಮೆ ಇದಕ್ಕಿಂತ ಬೆಲೆಯುಳ್ಳದ್ದು. ಆದರೆ ಟಿಕೆಟ್ಟನ್ನು ಅದೇ ಕಾರ್ಡಿನಿಂದ ಕೊಂಡಿರಬೇಕೇ, ನಾಮನಿರ್ದೇಶನ ಸಲ್ಲಿಸಿದೆಯೇ ಎಂಬುದನ್ನು ಮನೆಯವರಿಗೆ ತಿಳಿಸಿಟ್ಟಿರಬೇಕು. ಸತ್ತವನು ಬಂದು ಷರತ್ತು ಓದಲಾರ.

ವಿದೇಶದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ಹಿರಿಯರು ಈ ಸಭೆಯಲ್ಲಿ ಹಲವರಿದ್ದೀರಿ. ವಿದೇಶೀ ನಾಣ್ಯದ ಖರ್ಚಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಶೇಕಡ 2ರಿಂದ 3.5ರವರೆಗೆ ಹೆಚ್ಚುವರಿಯಾಗಿ ವಿಧಿಸುತ್ತವೆ. ಅದರ ಮೇಲೆ ತೆರಿಗೆ. 3.5 ಎಂಬುದು ತೆರಿಗೆ ಸೇರಿ 4.13 ಆಗುತ್ತದೆ. ಶೇಕಡ 2ರ ಕೊಡುಗೆ ಅದರೊಳಗೆ ಮುಳುಗಿಹೋಗುತ್ತದೆ. ಆದ್ದರಿಂದ ವಿದೇಶ ಪ್ರಯಾಣಕ್ಕೆ ಅಂಕಗಳಿಗಿಂತ ಈ ದರ ಕಡಿಮೆಯಿರುವ, ಅಥವಾ ಇಲ್ಲದೇ ಇರುವ ಕಾರ್ಡನ್ನು ಹುಡುಕಬೇಕು. ಅಲ್ಲಿನ ಅಂಗಡಿಯಲ್ಲಿ ಯಂತ್ರವು “ರೂಪಾಯಿಯಲ್ಲಿ ಕೊಡುವಿರಾ?” ಎಂದು ಸೌಜನ್ಯದಿಂದ ಕೇಳುತ್ತದೆ. ಬೇಡವೆಂದು ಹೇಳಿ ಆ ದೇಶದ ನಾಣ್ಯದಲ್ಲಿಯೇ ಪಾವತಿಸುವುದು ಕ್ಷೇಮ; ರೂಪಾಯಿಯ ಆಯ್ಕೆಯಲ್ಲಿ ವಿನಿಮಯ ದರವನ್ನು ಅವರೇ ನಿಗದಿಪಡಿಸುತ್ತಾರೆ, ಅದು ಸಾಮಾನ್ಯವಾಗಿ ನಮಗೆ ನಷ್ಟದ್ದು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದಂತೂ ಸ್ವದೇಶದಲ್ಲಾಗಲಿ ವಿದೇಶದಲ್ಲಾಗಲಿ ಬೇಡ. ಅದಕ್ಕೆ ಪ್ರತ್ಯೇಕ ಶುಲ್ಕ, ತೆಗೆದ ದಿನದಿಂದಲೇ ಬಡ್ಡಿ, ಅಂಕ ಸೊನ್ನೆ.

ಇನ್ನು ಗ್ರಾಹಕರ ಹಕ್ಕುಗಳು. ನಾವು ನೆನಪಿಟ್ಟುಕೊಳ್ಳಬೇಕಾದ ದಾಖಲೆಯೆಂದರೆ ಭಾರತೀಯ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನಗಳು. ಅನಂತರ ಅವುಗಳಿಗೆ ತಿದ್ದುಪಡಿಗಳಾಗಿ, ಬೇರೆ ನಿರ್ದೇಶನಗಳೊಂದಿಗೆ ಕ್ರೋಡೀಕರಣವೂ ಆಗಿದೆ. ಕೇಳದೆ ಕಾರ್ಡ್ ಕಳುಹಿಸುವುದನ್ನು ಅವು ನಿಷೇಧಿಸಿದವು. ಹಾಗೆ ಕಳುಹಿಸಿ, ಒಪ್ಪಿಗೆಯಿಲ್ಲದೆ ಚಾಲನೆಗೊಳಿಸಿ ಬಿಲ್ಲು ಹಾಕಿದರೆ, ಆ ಹಣವನ್ನು ರದ್ದುಪಡಿಸುವುದಲ್ಲದೆ ಅದರ ಎರಡರಷ್ಟನ್ನು ದಂಡವಾಗಿ ಗ್ರಾಹಕನಿಗೆ ಕೊಡಬೇಕು. ಅರ್ಜಿಯೊಡನೆ ಬಡ್ಡಿ, ಶುಲ್ಕ ಮೊದಲಾದ ಮುಖ್ಯಾಂಶಗಳ ಒಂದು ಪುಟದ ವಿವರಣೆಯನ್ನು ನೀಡಬೇಕು. ಸಹಿ ಮಾಡುವ ಮುನ್ನ ಆ ಪುಟವನ್ನು ಕೇಳಿ ಪಡೆಯಿರಿ. “ಆಮೇಲೆ ಮೇಲ್ ಮಾಡುತ್ತೇವೆ” ಎಂಬ ಉತ್ತರಕ್ಕೆ “ಆಮೇಲೆಯೇ ಸಹಿ ಮಾಡುತ್ತೇನೆ” ಎಂಬುದು ಸರಿಯಾದ ಮರುನುಡಿ. ಕೊನೆಯ ದಿನ ಕಳೆದು ಮೂರು ದಿನಗಳಿಗಿಂತ ಹೆಚ್ಚು ಬಾಕಿ ಉಳಿದಾಗ ಮಾತ್ರ ವಿಳಂಬ ಶುಲ್ಕ ಹಾಕಬಹುದು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೋರಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ದಂಡ ತೆರಬೇಕು. ಮುಚ್ಚುವ ಮುನ್ನ ಉಳಿದ ಅಂಕಗಳನ್ನು ಬಳಸಿಕೊಳ್ಳಲು ಮರೆಯಬಾರದು. ಕಾರ್ಡಿನೊಡನೆ ಅವೂ ಹೋಗುವುದೇ ಸಾಮಾನ್ಯ. ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುಂತಾದ ಜಾಲಗಳಲ್ಲಿ ಆಯ್ಕೆಯ ಅವಕಾಶವನ್ನು ದೊಡ್ಡ ಬ್ಯಾಂಕುಗಳು ಗ್ರಾಹಕನಿಗೇ ನೀಡಬೇಕೆಂಬ ನಿಯಮ 2024ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿತು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ 2022ರಿಂದ ಇದೆ. ಬೀದಿಯ ಅಂಗಡಿಯಲ್ಲಿ ಬಳಸಲು ಅದು ಅನುಕೂಲವೇ. ಆದರೆ ಆ ಪಾವತಿಗಳಿಗೆ ಅಂಕದ ದರ ಬೇರೆ ಇರಬಹುದು.

ನಿವೃತ್ತರು ಕೆಲವರು “ನಮಗೆ ಸಂಬಳದ ಚೀಟಿಯಿಲ್ಲ, ಕಾರ್ಡ್ ಯಾರು ಕೊಡುತ್ತಾರೆ?” ಎಂದು ಮೊದಲೇ ಕೇಳಿದರು. ನಿಶ್ಚಿತ ಠೇವಣಿಯ ಆಧಾರದ ಮೇಲೆ ಕಾರ್ಡ್ ನೀಡುವ ಬ್ಯಾಂಕುಗಳಿವೆ; ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಊರಿನಲ್ಲಿರುವ ತಂದೆತಾಯಿಗೆ ತಮ್ಮ ಕಾರ್ಡಿನ ಮೇಲೆ ಹೆಚ್ಚುವರಿ ಕಾರ್ಡ್ ಮಾಡಿಸಿಕೊಡುವುದೂ ಒಳ್ಳೆಯ ಉಪಾಯವೇ. ಅದರ ಹೊಣೆ ಪೂರ್ತಿ ಮುಖ್ಯ ಕಾರ್ಡುದಾರನದೆಂಬುದು, ಅದರ ಮಿತಿಯನ್ನು ಕಡಿಮೆ ಇಡಿಸಬಹುದೆಂಬುದು ತಿಳಿದಿರಲಿ. “ನಿಮ್ಮ ಅಂಕಗಳು ಇಂದು ರಾತ್ರಿ ಅಳಿದುಹೋಗುತ್ತವೆ, ಈ ಕೊಂಡಿಯನ್ನು ಒತ್ತಿ” ಎಂಬ ಸಂದೇಶಗಳು ಅವರಿಗೂ ಬರುತ್ತವೆ. ಅಂಕಗಳನ್ನು ಬಳಸಿಕೊಳ್ಳಲು ಒಟಿಪಿ ಹೇಳಿರೆಂದು ಯಾರಾದರೂ ಕರೆ ಮಾಡಿದರೆ ಅದು ಮೋಸವೆಂದೇ ತಿಳಿಯಬೇಕು. ಹಣ ಹೋದರೆ ತಡಮಾಡದೆ ಬ್ಯಾಂಕಿಗೂ, 1930 ಎಂಬ ಸಂಖ್ಯೆಗೂ ತಿಳಿಸಬೇಕು. ಬ್ಯಾಂಕಿನ ಮೇಲಿನ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಿಚಾರಣೆಗೆ 14448 ಎಂಬ ದೂರವಾಣಿಯಿದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ನನ್ನ ಆ ಹಳೆಯ ಕಾರ್ಡ್ ಏನಾಯಿತೆಂದು ಮುಂದಿನ ಸಾಲಿನ ಹಿರಿಯರು ಸನ್ನೆಯಿಂದ ಕೇಳುತ್ತಿದ್ದಾರೆ. ಬಾಕಿಯನ್ನು ತೀರಿಸಲು ನನಗೆ ಐದು ತಿಂಗಳು ಹಿಡಿಯಿತು. ಉಳಿದಿದ್ದ ಅಂಕಗಳಿಂದ ಒಂದು ಬೆಂಗಳೂರಿನ ಟಿಕೆಟ್ ಪಡೆದು ದೀಪಾವಳಿಗೆ ನಾನೊಬ್ಬನೇ ಊರಿಗೆ ಹೋಗಿಬಂದೆ. ಬಂದು ಕಾರ್ಡನ್ನು ಮುಚ್ಚಿದೆ. ಈಗ ನನ್ನ ಬಳಿ ವಾರ್ಷಿಕ ಶುಲ್ಕವಿಲ್ಲದ ಒಂದೇ ಕಾರ್ಡಿದೆ. ಬಿಲ್ಲಿನ ಪೂರ್ಣ ಹಣ ಕೊನೆಯ ದಿನಕ್ಕೆ ಮೊದಲೇ ಉಳಿತಾಯ ಖಾತೆಯಿಂದ ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟಿದ್ದೇನೆ. ಊರಿನ ಆಪತ್ತಿಗೆಂದು ಬೇರೆಯಾಗಿ ಒಂದು ಸಣ್ಣ ಠೇವಣಿಯನ್ನೂ ಇಟ್ಟಿದ್ದೇನೆ.

ಪ್ರಶ್ನೆಗಳಿದ್ದವರು ಚಹಾದ ನಂತರ ಪಕ್ಕದ ಕೊಠಡಿಗೆ ಬರಬಹುದು. ತಮ್ಮ ಬಿಲ್ಲುಗಳನ್ನು ತಂದಿರುವವರು ಅದರ ಮೇಲಿನ ಕಾರ್ಡ್ ಸಂಖ್ಯೆ ಕಾಣದಂತೆ ಕಾಗದವನ್ನು ಮಡಚಿಕೊಂಡು ಬನ್ನಿ. ಕುಳಿತು ಒಟ್ಟಿಗೆ ಓದೋಣ.